ನೀರು ಕೇಳಿದ ಹುಡುಗ ಮತ್ತು ಬಿ.ಪಿ. ಗುಳಿಗೆ

ಕೆಲವು ದಿನಗಳ ಹಿಂದೆ, ಒಂದು ರವಿವಾರ ಮಧ್ಯಾಹ್ನ, ನನ್ನ ಹಳೆಯ ವಿದ್ಯಾರ್ಥಿಗಳು ಐದಾರು ಜನ ಸಪ್ತಾಪುರದ ನಮ್ಮ ಮನೆಗೆ ಬಂದಿದ್ದರು. 1974ರಲ್ಲಿ ಎಂಟನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲಿ ವಿಜ್ಞಾನ ಕಲಿತವರು. ಈಗ ಅವರೆಲ್ಲ ಅರವತ್ತು ದಾಟಿದ ಅಜ್ಜಂದಿರು. ಚಹಾ, ಚೂಡಾ ಆಯಿತು. ಹಳೆಯ ಮಾತುಗಳು ಹೊರಟವು. ಅವರಲ್ಲೊಬ್ಬ ಎದ್ದು ನಿಂತು, ಕೈಯಲ್ಲಿ ಇಲ್ಲದ ಬೆತ್ತವನ್ನು ಅಲ್ಲಾಡಿಸುತ್ತ, ನನ್ನ ಧ್ವನಿಯನ್ನೇ ಅನುಕರಿಸಿ ಹೇಳಿದ: "ಒಂದಕ್ಕನೂ ಇಲ್ಲ, ಎರಡಕ್ಕನೂ ಇಲ್ಲ! ಗಂಟಿ ಹೊಡಿಯೂ ತನಕ ಕೂಡು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅದೇ ಹೊತ್ತಿಗೆ ನನ್ನ ಮಗಳ ಮಗ ಒಳಗಿನಿಂದ ಬಂದು, ಮೂಲೆಯಲ್ಲಿದ್ದ ತಂಬಿಗೆಯನ್ನೆತ್ತಿ ಗಟಗಟನೆ ನೀರು ಕುಡಿದು, ಬಚ್ಚಲಿನ ಕಡೆಗೆ ಓಡಿದ. ಯಾರೂ ಅವನನ್ನು ಗಮನಿಸಲಿಲ್ಲ. ನನ್ನ ನಗು ಮಾತ್ರ ಅಲ್ಲಿಗೇ ನಿಂತಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂಬುದನ್ನು ಈ ಪುಟದಲ್ಲಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ, ಧೈರ್ಯ ಬಂದಿರಲಿಲ್ಲ.

1974ರ ಆ ವರ್ಗದಲ್ಲಿ ಇನ್ನೂ ಒಬ್ಬ ಹುಡುಗನಿದ್ದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಿಟಕಿಯ ಬದಿಯ ಕೊನೆಯ ಬಾಕಿನಲ್ಲಿ ಕುಳಿತುಕೊಳ್ಳುತ್ತಿದ್ದ. ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ, ಕೈಕಾಲು ಸಣಕಲು. ಶಾಲೆಯ ಪಡಸಾಲೆಯಲ್ಲಿ ಕುಡಿಯುವ ನೀರಿನ ಒಂದು ಮಣ್ಣಿನ ಹರವಿ ಇರುತ್ತಿತ್ತು. ಅದರ ಬಳಿ ಯಾವಾಗ ನೋಡಿದರೂ ಅವನೇ. ಒಂದು ತಾಸಿನಲ್ಲಿ ಎರಡು ಸಲ ಕೈ ಎತ್ತುತ್ತಿದ್ದ. "ಸರ್, ನೀರು ಕುಡದು ಬರ್ತೀನ್ರಿ." ಹತ್ತು ನಿಮಿಷ ಕಳೆದರೆ, "ಸರ್, ಒಂದಕ್ಕ ಹೋಗಿ ಬರ್ತೀನ್ರಿ." ಪಾಠ ತಪ್ಪಿಸುವ ಉಪಾಯವೆಂದೇ ನಾನು ನಿಶ್ಚಯಿಸಿಬಿಟ್ಟಿದ್ದೆ. ಆಗ ನನಗೆ ಇಪ್ಪತ್ತೆಂಟು ವರ್ಷ. ಶಿಸ್ತಿನ ಮಾಸ್ತರನೆಂಬ ಹೆಸರು ಗಳಿಸುವ ಹುಮ್ಮಸ್ಸು.

ಒಂದು ದಿನ ಬಿಡಲಿಲ್ಲ. ಅವನು ಮೂರು ಸಲ ಕೇಳಿದ, ಮೂರು ಸಲವೂ ಕೂಡಿಸಿದೆ. ಸ್ವಲ್ಪ ಹೊತ್ತಿಗೆ ಹಿಂದಿನ ಬಾಕುಗಳಲ್ಲಿ ಗುಜುಗುಜು ಎದ್ದಿತು, ನಂತರ ನಗೆ. ಅವನ ಖಾಕಿ ಚಡ್ಡಿ ಒದ್ದೆಯಾಗಿತ್ತು. ನೆಲದ ಮೇಲೆ ನೀರು ಹರಿದಿತ್ತು. ಅಷ್ಟಕ್ಕೇ ಬಿಡದೆ ನಾನು ಒಂದು ಮಾತನ್ನೂ ಆಡಿದೆ. ಆ ಮಾತನ್ನು ಇಲ್ಲಿ ಮತ್ತೆ ಬರೆಯಲಾರೆ. ಮರುದಿನ ಅವನು ಬರಲಿಲ್ಲ. ದೀಪಾವಳಿ ಸೂಟಿ ಮುಗಿದ ಮೇಲೂ ಬರಲಿಲ್ಲ. ನಾನು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ, ಅಷ್ಟೆ.

ಈ ಪ್ರಸಂಗವನ್ನು ನಲವತ್ತು ವರ್ಷಗಳ ಕಾಲ ನಾನು ನೆನೆಯಲೇ ಇಲ್ಲ ಎಂದರೆ ನಂಬಬೇಕು. ಅದನ್ನು ನೆನಪಿಸಿದ್ದು ನನ್ನ ಮೊಮ್ಮಗ.

ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. 2016ರ ಅಕ್ಟೋಬರದಲ್ಲಿ ಗಂಡು ಕೂಸು ಹುಟ್ಟಿತು. ಎದೆಹಾಲಿನ ಮೇಲಿದ್ದ ಐದು ತಿಂಗಳು ಕೂಸು ಒಂದು ರೀತಿ ಚೆನ್ನಾಗಿಯೇ ಇತ್ತು. ಬೇಸಿಗೆ ಬಂದಿತು, ಆಕಳ ಹಾಲು, ರಾಗಿಯ ಅಂಬಲಿ ಶುರುವಾದವು. ಅಲ್ಲಿಂದ ಕಷ್ಟವೂ ಶುರುವಾಯಿತು. ಕಾರಣವಿಲ್ಲದ ಜ್ವರ, ವಾಂತಿ, ಮಲಬದ್ಧತೆ. ತೂಕ ಏರಲಿಲ್ಲ. ರಾತ್ರಿಯೆಲ್ಲ ಅಳು. ತೋರಿಸಿದ ವೈದ್ಯರು ಮೂರು ಸಲ ಮೂರು ಬಗೆಯ ಆಂಟಿಬಯೋಟಿಕ್ ಬರೆದುಕೊಟ್ಟರು. "ಬ್ಯಾಸಗಿ ಅದರಿ, ಕೂಸುಗಳಿಗೆ ಹಿಂಗ ಆಗ್ತದ" ಎಂದರು. ನನ್ನ ಹೆಂಡತಿ ಮಾತ್ರ ಒಂದು ಸಂಗತಿಯನ್ನು ಗಮನಿಸಿದ್ದಳು. ಕೂಸು ಹಾಲನ್ನು ನೂಕುತ್ತಿತ್ತು. ಚಮಚದಲ್ಲಿ ನೀರು ಹಿಡಿದರೆ ಹಕ್ಕಿಯ ಮರಿಯಂತೆ ಬಾಯಿ ತೆರೆಯುತ್ತಿತ್ತು. "ಹಸಗೂಸಿಗೆ ಇಷ್ಟು ನೀರು ಕುಡಿಸಬಾರದು" ಎಂದು ಬಂದವರೆಲ್ಲ ಬುದ್ಧಿ ಹೇಳಿದರು. ಆಕೆ ಯಾರಿಗೂ ಕಾಣದಂತೆ ಕುಡಿಸುತ್ತಿದ್ದಳು. ಕೂಸು ಬದುಕಿದ್ದು ಆ ಕದ್ದು ಕುಡಿಸಿದ ನೀರಿನಿಂದ ಎಂದು ಮುಂದೆ ನಮಗೆ ತಿಳಿಯಿತು.

ಕೊನೆಗೆ ನನ್ನ ವಿದ್ಯಾರ್ಥಿನಿಯೊಬ್ಬಳು, ಈಗ ಮಕ್ಕಳ ವೈದ್ಯೆ, ಕೂಸನ್ನು ನೋಡಿದಳು. ಉಳಿದವರು ಕೇಳದ ಒಂದೇ ಒಂದು ಪ್ರಶ್ನೆಯನ್ನು ಕೇಳಿದಳು: "ದಿನಕ್ಕ ಎಷ್ಟು ಲಂಗೋಟಿ ತೋಯಸ್ತಾನ, ಅಮ್ಮಾರ?" ನನ್ನ ಹೆಂಡತಿ, "ಎಣಿಸಲಿಕ್ಕೆ ಆಗಂಗಿಲ್ಲವಾ" ಎಂದಳು. ಅವತ್ತೇ ರಕ್ತ ಪರೀಕ್ಷೆಯಾಯಿತು. ರಕ್ತದಲ್ಲಿ ಸೋಡಿಯಂ ಅಂಶ ಅಪಾಯದ ಮಟ್ಟಕ್ಕೆ ಏರಿತ್ತು. ಸಕ್ಕರೆ ಸರಿಯಾಗಿಯೇ ಇತ್ತು. ಅಂದು ರಾತ್ರಿಯೇ ಬೆಂಗಳೂರಿಗೆ ಹೊರಟೆವು.

ಅಲ್ಲಿಯ ಮಕ್ಕಳ ಮೂತ್ರಪಿಂಡ ತಜ್ಞರು ಹೇಳಿದ ಹೆಸರು ನೆಫ್ರೋಜೆನಿಕ್ ಡಯಾಬಿಟಿಸ್ ಇನ್ಸಿಪಿಡಸ್. ಹೆಸರಿನಲ್ಲಿ ಡಯಾಬಿಟಿಸ್ ಇದ್ದರೂ ನಮಗೆ ಗೊತ್ತಿರುವ ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಸಕ್ಕರೆ ಕಾಯಿಲೆಯದು ಡಯಾಬಿಟಿಸ್ ಮೆಲಿಟಸ್, ಜೇನಿನಂತೆ ಸಿಹಿಯಾದ ಮೂತ್ರ. ಇನ್ಸಿಪಿಡಸ್ ಎಂದರೆ ಸಪ್ಪೆ, ರುಚಿಯಿಲ್ಲದ್ದು. ಮೂತ್ರವೆಲ್ಲ ಬರಿಯ ನೀರು.

ಮಾಸ್ತರನ ಚಾಳಿ ಬಿಡುವುದಿಲ್ಲ, ಸ್ವಲ್ಪ ವಿವರಿಸುತ್ತೇನೆ. ದೊಡ್ಡವರಲ್ಲಿ ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಹೊರಗೆ ಹೋಗುವುದು ಒಂದೂವರೆ ಎರಡು ಲೀಟರ್ ಮಾತ್ರ. ಉಳಿದದ್ದನ್ನು ಸೂಕ್ಷ್ಮ ನಾಳಗಳು ಮರಳಿ ಹೀರಿಕೊಳ್ಳುತ್ತವೆ. ಹೆಚ್ಚಿನ ಪಾಲು ನಾಳದ ಮೊದಲ ಭಾಗಗಳಲ್ಲೇ ಹಿಂದಿರುಗುತ್ತದೆ. ಕೊನೆಯ ಭಾಗದಲ್ಲಿ ಎಷ್ಟು ನೀರನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನಿಸುವುದು ಮಿದುಳಿನಿಂದ ಬರುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು. ಅದು ಬಂದು ನಾಳದ ಜೀವಕೋಶದ ಬಾಗಿಲು ಬಡಿದರೆ, ಒಳಗಿನಿಂದ ನೀರಿನ ತೂಬುಗಳು ಮೇಲೆ ಬಂದು ತೆರೆದುಕೊಳ್ಳುತ್ತವೆ. ಅಕ್ವಾಪೊರಿನ್ ಎಂಬ ಈ ತೂಬುಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು. ನನ್ನ ಮೊಮ್ಮಗನ ಮಿದುಳು ಹಾರ್ಮೋನನ್ನು ಸರಿಯಾಗಿಯೇ ಕಳಿಸುತ್ತದೆ. ಆದರೆ ಬಾಗಿಲೇ ಕೆಟ್ಟಿದೆ. ಎಷ್ಟು ಬಡಿದರೂ ಒಳಗಿನವರಿಗೆ ಕೇಳಿಸುವುದಿಲ್ಲ. ಬೆಂಗಳೂರಿನಲ್ಲಿ ಅವನಿಗೆ ಅದೇ ಹಾರ್ಮೋನಿನ ಕೃತಕ ರೂಪವನ್ನು ಕೊಟ್ಟು ನೋಡಿದರು. ಮೂತ್ರ ಒಂದಿಷ್ಟೂ ಗಟ್ಟಿಯಾಗಲಿಲ್ಲ. ರೋಗ ಖಚಿತವಾದದ್ದು ಹಾಗೆ. ಇಂಥವರು ದೊಡ್ಡವರಾದ ಮೇಲೆ ದಿನಕ್ಕೆ ಹತ್ತು ಹನ್ನೆರಡು ಲೀಟರ್ ಮೂತ್ರ ಮಾಡುವುದೂ ಉಂಟು. ಅಷ್ಟೇ ನೀರು ಒಳಗೆ ಹೋಗಲೇಬೇಕು. ಕೇಳಲು ಬಾಯಿ ಬರದ ಹಸುಗೂಸುಗಳಿಗೆ ಅಪಾಯ ಹೆಚ್ಚು.

ತಜ್ಞರು ಬರೆದುಕೊಟ್ಟ ಚೀಟಿಯನ್ನು ಹಿಡಿದು ಧಾರವಾಡಕ್ಕೆ ಬಂದೆ. ನಮ್ಮ ಪರಿಚಯದ ಔಷಧಿ ಅಂಗಡಿಯವನು ಚೀಟಿ ನೋಡಿ, ಕನ್ನಡಕ ತೆಗೆದು, ಮತ್ತೆ ನೋಡಿದ.

"ಸರ್, ಇದು ಕೂಸಿಗೇನ್ರಿ?"

"ಹೌದು."

"ಏನೋ ತಪ್ಪಾಗೇದ್ರಿ. ಇದು ಬಿ.ಪಿ. ಗುಳಿಗಿ. ಮೂತ್ರ ಹೆಚ್ಚು ಮಾಡೂದು. ನಿಮ್ಮ ಬಿ.ಪಿ. ಗುಳಿಗ್ಯಾಗೂ ಇದನ ಅದ. ಮೊದಲ ಮೂತ್ರ ನಿಲ್ಲವಲ್ಲದು ಅಂತೀರಿ, ಅದಕ್ಕ ಮೂತ್ರದ ಗುಳಿಗಿ ಕೊಡ್ತಾರ?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಔಷಧದ ಹೆಸರು ಹೈಡ್ರೊಕ್ಲೋರೊಥಯಾಝೈಡ್. ಹದಿನೈದು ವರ್ಷಗಳಿಂದ ನಾನು ನುಂಗುತ್ತಿದ್ದ ಬಿ.ಪಿ. ಗುಳಿಗೆಯಲ್ಲಿಯೂ ಅದು ಬೆರೆತಿತ್ತು. ಒಂದು ಪಟ್ಟಿಗೆ ಕೆಲವೇ ರೂಪಾಯಿ. ನನಗೂ ಅನುಮಾನ ಬಂದು ಬೆಂಗಳೂರಿಗೆ ಫೋನು ಮಾಡಿದೆ. ಆ ತಜ್ಞರು ತಾಳ್ಮೆಯಿಂದ, ಶಾಲೆಯ ಹುಡುಗನಿಗೆ ಹೇಳುವಂತೆ, ವಿಜ್ಞಾನದ ಮಾಸ್ತರನಿಗೆ ಹೇಳಿದರು.

ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನಮ್ಮ ಕಡೆಯ ಕಾಲುವೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾಲುವೆಯ ಕಟ್ಟಕಡೆಯ ಹೊಲದ ಬದುವು ಒಡೆದಿದೆ. ಅಲ್ಲಿಗೆ ಬಂದ ನೀರೆಲ್ಲ ಹಳ್ಳಕ್ಕೆ ಹೋಗುತ್ತಿದೆ. ಆ ಬದುವನ್ನು ಕಟ್ಟಲು ನಮಗೆ ಬರುವುದಿಲ್ಲ. ಆದರೆ ಮೇಲಿನ ಹೊಲದವರೇ ಹೆಚ್ಚು ನೀರನ್ನು ತಿರುಗಿಸಿಕೊಂಡರೆ ಒಡೆದ ಬದುವಿನವರೆಗೆ ಬರುವ ನೀರೇ ಕಡಿಮೆಯಾಗುತ್ತದೆ. ಈ ಗುಳಿಗೆ ದೇಹದಿಂದ ಸ್ವಲ್ಪ ಉಪ್ಪನ್ನು ಹೊರಹಾಕುತ್ತದೆ. ಉಪ್ಪು ಕಡಿಮೆಯಾಯಿತೆಂದು ದೇಹ ಎಚ್ಚರಗೊಂಡು, ನಾಳದ ಮೊದಲ ಭಾಗದಲ್ಲಿಯೇ ಉಪ್ಪನ್ನೂ ಅದರ ಜೊತೆಗೆ ನೀರನ್ನೂ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕೊನೆಗೆ ಸೋರಿಹೋಗಲು ಉಳಿಯುವ ನೀರು ಕಡಿಮೆ. ಮೂತ್ರ ಹೆಚ್ಚಿಸುವ ಗುಳಿಗೆ ಈ ಒಂದು ರೋಗದಲ್ಲಿ ಮೂತ್ರವನ್ನು ಇಳಿಸುವುದು ಹೀಗೆ. ಇದರ ಜೊತೆಗೆ ಊಟದಲ್ಲಿ ಉಪ್ಪನ್ನು ಬಹಳ ಕಡಿಮೆ ಮಾಡಬೇಕು. ಇಲ್ಲದಿದ್ದರೆ ಗುಳಿಗೆ ನಡೆಯುವುದಿಲ್ಲ. ಪೊಟ್ಯಾಸಿಯಂ ಸೋರಿಹೋಗದಂತೆ ಅಮಿಲೊರೈಡ್ ಎಂಬ ಇನ್ನೊಂದು ಹಳೆಯ ಗುಳಿಗೆಯನ್ನೂ ಕೂಡಿಸಿದರು. ಕೆಲವು ಮಕ್ಕಳಿಗೆ ಕೀಲುನೋವಿಗೆ ಕೊಡುವ ಇಂಡೊಮೆಥಾಸಿನ್ ಕೂಡ ಉಪಯೋಗವಾಗುತ್ತದಂತೆ. ಆದರೆ ಅದು ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲುದು, ತಜ್ಞರ ಕಣ್ಣ ಮುಂದೆಯೇ ಕೊಡಬೇಕು.

ದೊಡ್ಡವರಿಗೆ ಮಾಡಿದ ಗುಳಿಗೆಯನ್ನು ಏಳು ತಿಂಗಳ ಕೂಸಿಗೆ ಕೊಡುವುದೇ ಒಂದು ಸಾಹಸ. ಪುಡಿ ಮಾಡಿ, ಅಳೆದ ನೀರಿನಲ್ಲಿ ಕದಡಿ, ವೈದ್ಯರು ತೋರಿಸಿದಷ್ಟನ್ನೇ ಸಿರಿಂಜಿನಲ್ಲಿ ಎಳೆದು ಕೂಸಿನ ಕೆನ್ನೆಯೊಳಗೆ ಬಿಡಬೇಕು. ಮೂವತ್ತಾರು ವರ್ಷ ಪ್ರಯೋಗಶಾಲೆಯಲ್ಲಿ ಅಳತೆಯ ಪಾಠ ಹೇಳಿದ ನನ್ನ ಕೈ ಅವತ್ತು ನಡುಗಿತು. ಒಂದು ವಾರದೊಳಗೆ ಮೂತ್ರ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಜ್ವರ ನಿಂತಿತು. ಒಂದು ರಾತ್ರಿ ಕೂಸು ನಾಲ್ಕು ತಾಸು ಒಂದೇ ಸಮನೆ ಮಲಗಿತು. ಮನೆಯವರೆಲ್ಲ ಹೆದರಿ, ಉಸಿರಾಡುತ್ತಿದೆಯೇ ಎಂದು ಸರದಿಯಲ್ಲಿ ಎದ್ದು ನೋಡಿದೆವು.

ಇನ್ನು ನನ್ನನ್ನು ಚುಚ್ಚಿದ ಸಂಗತಿ. ಈ ಗುಳಿಗೆಯ ಇತಿಹಾಸವನ್ನು ಹುಡುಕಿ ಓದಿದೆ. ಈ ಜಾತಿಯ ಮೊದಲ ಔಷಧ ಕ್ಲೋರೊಥಯಾಝೈಡ್ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ, ರಕ್ತದೊತ್ತಡಕ್ಕೆ ಮತ್ತು ಬಾವು ಇಳಿಸಲಿಕ್ಕೆ. ಮರುವರ್ಷವೇ, 1959ರಲ್ಲಿ, ಕ್ರಾಫರ್ಡ್ ಮತ್ತು ಕೆನೆಡಿ ಎಂಬ ಇಬ್ಬರು ನೇಚರ್ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದು, ಡಯಾಬಿಟಿಸ್ ಇನ್ಸಿಪಿಡಸ್‌ನಲ್ಲಿ ಇದು ಮೂತ್ರವನ್ನು ತಗ್ಗಿಸುತ್ತದೆಂದು ತಿಳಿಸಿದರು. 1959! ನಾನು ಆ ಹುಡುಗನನ್ನು ಕೂಡಿಸಿದ್ದು ಅದಾದ ಹದಿನೈದು ವರ್ಷಗಳ ನಂತರ. ಅವನಿಗೆ ಇದೇ ರೋಗವಿತ್ತೆಂದು ನಾನು ಹೇಳಲಾರೆ. ಸಕ್ಕರೆ ಕಾಯಿಲೆ ಇದ್ದಿರಬಹುದು, ಬೇರೇನೋ ಇದ್ದಿರಬಹುದು. ಆದರೆ ಆ ಬಾಯಾರಿಕೆ ಸುಳ್ಳಾಗಿರಲಿಲ್ಲ. ಔಷಧ ಲೋಕದಲ್ಲಿತ್ತು. ಅವನನ್ನು ವೈದ್ಯರ ಬಳಿಗೆ ಕಳುಹಿಸಬೇಕಾದ ಮೊದಲ ಮನುಷ್ಯ ಬೆತ್ತ ಹಿಡಿದು ನಿಂತಿದ್ದ.

ಈಗ ಬಂಧುಗಳಿಗೆ ಎರಡು ಮಾತು. ರೋಗದ ಸುದ್ದಿ ಹಬ್ಬಿದಾಗ ನಮ್ಮವರಲ್ಲಿ ಬಗೆಬಗೆಯ ಮಾತುಗಳು ಹುಟ್ಟಿದವು. ಒಬ್ಬರು ನಾಗದೋಷವೆಂದರು. ಹಿರಿಯರೊಬ್ಬರು, "ಸೋದರಮಾವಗ ಕೊಟ್ಟಿದ್ರ ಹಿಂಗ ಆಗ್ತಿದ್ದಿಲ್ಲ, ಹೊರಗ ಕೊಟ್ಟಿರಿ" ಎಂದರು. ಎರಡನ್ನೂ ನೇರವಾಗಿಯೇ ಉತ್ತರಿಸುತ್ತೇನೆ. ಈ ರೋಗದ ಹತ್ತರಲ್ಲಿ ಒಂಬತ್ತು ಪಾಲು ಬರುವುದು ಎಕ್ಸ್ ವರ್ಣತಂತುವಿನಲ್ಲಿರುವ ಎ.ವಿ.ಪಿ.ಆರ್.2 ಎಂಬ ಜೀನಿನ ದೋಷದಿಂದ. ಈ ಜೀನನ್ನು 1992ರಲ್ಲಿ ಗುರುತಿಸಿದರು. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕಾಯುತ್ತದೆ. ಗಂಡಿಗೆ ಇರುವುದು ಒಂದೇ. ಅದು ಕೆಟ್ಟರೆ ರೋಗ ಬಂತು. ವಾಹಕಳಾದ ತಾಯಿಯ ಪ್ರತಿಯೊಬ್ಬ ಮಗನಿಗೂ ಅರ್ಧಕ್ಕರ್ಧ ಸಂಭವ. ಇದಕ್ಕೆ ಸೋದರಸಂಬಂಧ ಕಾರಣವೂ ಅಲ್ಲ, ಪರಿಹಾರವೂ ಅಲ್ಲ. ಉಳಿದ ಒಂದು ಪಾಲು, ಅಕ್ವಾಪೊರಿನ್ ಜೀನಿನದು, ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗಲೇ ಬರುವಂಥದು ಹೆಚ್ಚು. ಅಂಥ ಅನೇಕ ರೋಗಗಳಿಗೆ ಸೋದರಸಂಬಂಧ ದಾರಿ ಮಾಡುತ್ತದೆ. ನಮ್ಮ ರಾಜ್ಯದಲ್ಲಿ ಇದು ಸಣ್ಣ ಮಾತಲ್ಲ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ಸುಮಾರು ಮೂರರಲ್ಲಿ ಒಂದು ಕೂಸು ರಕ್ತಸಂಬಂಧದ ಮದುವೆಯಲ್ಲಿ ಹುಟ್ಟಿದ್ದು ಕಂಡುಬಂದಿತ್ತು. ಅವುಗಳಲ್ಲಿ ಸೋದರಮಾವ ಸೊಸೆಯ ಮದುವೆಗಳೂ ಬಹಳ. ಕೊಡುವುದಕ್ಕೂ ಬಿಡುವುದಕ್ಕೂ ಮೊದಲು ಇದನ್ನು ಯೋಚಿಸಿರಿ.

ಮಗಳ ರಕ್ತ ಪರೀಕ್ಷೆಯಾಯಿತು, ಆಕೆ ವಾಹಕಳು. ನಂತರ ನನ್ನ ಹೆಂಡತಿಯದೂ ಆಯಿತು, ಆಕೆಯೂ ಹೌದು. ಅವತ್ತು ರಾತ್ರಿ ಆಕೆ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು, ಮದುವೆಯಾದ ಇಷ್ಟು ವರ್ಷಗಳಲ್ಲಿ ಎಂದೂ ಹೇಳದ ಕಥೆಯೊಂದನ್ನು ಹೇಳಿದಳು. ಆಕೆಯ ತವರು ನವಲಗುಂದ ತಾಲೂಕಿನ ಒಂದು ಹಳ್ಳಿ. ಕರಿಮಣ್ಣಿನ ನಾಡು, ಕುಡಿಯುವ ನೀರಿಗೆ ಕೆರೆಯೇ ಗತಿ. ಆಕೆಗಿಂತ ಮೊದಲು ಇಬ್ಬರು ಗಂಡು ಕೂಸುಗಳು ಹುಟ್ಟಿ, ವರ್ಷ ತುಂಬುವ ಮೊದಲೇ ಬೇಸಿಗೆಯಲ್ಲಿ ಜ್ವರ ವಾಂತಿ ಬಂದು ತೀರಿಕೊಂಡಿದ್ದವು. ವಾಂತಿಯಾಗುವ ಕೂಸಿಗೆ ನೀರು ಕೊಡಬಾರದೆಂದು ಹಿರಿಯರು ಕಟ್ಟಪ್ಪಣೆ ಮಾಡಿದ್ದರಂತೆ. "ನಮ್ಮವ್ವ ಸಾಯೂ ತನಕ ಹೇಳ್ತಿದ್ದಳು, ಎರಡೂ ಕೂಸು ನೀರಿನ ಕೊಡದ ಕಡೆ ನೋಡಿಕೋತ ಹ್ವಾದವು ಅಂತ." ಮೊಮ್ಮಗನಿಗೆ ಆಕೆ ಕದ್ದು ನೀರು ಕುಡಿಸಿದ್ದು ಏಕೆಂದು ನನಗೆ ಆಗ ತಿಳಿಯಿತು. ಆ ಇಬ್ಬರಿಗೂ ಇದೇ ರೋಗವಿತ್ತೆಂದು ಯಾವ ಕಾಗದವೂ ಹೇಳುವುದಿಲ್ಲ. ಆಕೆಗೆ ಸಂಶಯವಿಲ್ಲ. "ನನ್ನಿಂದನ ಬಂತಲ್ಲ" ಎಂದು ಅತ್ತಳು. ನಾನು ಹೇಳಿದೆ: "ರೋಗ ನಿನ್ನ ಕಡೆಯಿಂದ ಬಂದಿರಬಹುದು. ಕೂಸನ್ನು ಉಳಿಸಿದವಳೂ ನೀನೇ." ಬಂಧುಗಳಲ್ಲಿ ನನ್ನ ಹೆಂಡತಿಯ ತಾಯಿಯ ಕಡೆಯ ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ, ಸಂಕೋಚಪಡದೆ ಒಮ್ಮೆ ಅನುವಂಶೀಯ ತಜ್ಞರನ್ನು ಕಾಣಿರಿ. ಬೆಂಗಳೂರಿನಲ್ಲಿ ಪ್ರೊ. ಎಚ್. ಶರತ್ ಚಂದ್ರ ಅವರು ಕಟ್ಟಿದ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆಗೂಡಿದ ಈ ಕೇಂದ್ರವನ್ನು 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ದೇಶದ ಮೊದಲ ಎಂಟು ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದೆಂದು ಹೆಸರಿಸಿತು.

ಹಳೆಯ ಔಷಧಕ್ಕೆ ಹೊಸ ಕೆಲಸ ಹಚ್ಚುವ ಈ ವಿಚಾರ ನನ್ನನ್ನು ಬಿಡಲಿಲ್ಲ. ಓದುತ್ತ ಹೋದಂತೆ ಒಂದು ವಿಚಿತ್ರ ಕಂಡೆ. ಮೂತ್ರಪಿಂಡದ ತುಂಬ ನೀರಿನ ಗುಳ್ಳೆಗಳು ಬೆಳೆದು, ಕೊನೆಗೆ ಅದು ಕೆಲಸ ನಿಲ್ಲಿಸುವ ಒಂದು ವಂಶಪಾರಂಪರ್ಯ ರೋಗವಿದೆ. ಪಾಲಿಸಿಸ್ಟಿಕ್ ಕಿಡ್ನಿ ಎನ್ನುತ್ತಾರೆ. ಆ ಗುಳ್ಳೆಗಳು ಬೆಳೆಯಲು ವ್ಯಾಸೊಪ್ರೆಸಿನ್ನಿನ ಬಡಿತವೂ ಒಂದು ಕಾರಣ. ಜಪಾನಿನ ಒಟ್ಸುಕಾ ಕಂಪನಿಯ ಟಾಲ್ವಾಪ್ಟಾನ್ ಎಂಬ ಗುಳಿಗೆ 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ರಕ್ತದಲ್ಲಿ ಸೋಡಿಯಂ ಕಡಿಮೆಯಾದವರಿಗಾಗಿ. ಅದು ಮಾಡುವ ಕೆಲಸವೆಂದರೆ, ನನ್ನ ಮೊಮ್ಮಗನಲ್ಲಿ ಹುಟ್ಟಿನಿಂದಲೇ ಕೆಟ್ಟಿರುವ ಅದೇ ಬಾಗಿಲನ್ನು ಬೇಕೆಂದೇ ಮುಚ್ಚುವುದು! 1,445 ರೋಗಿಗಳ ಮೇಲೆ ಮೂರು ವರ್ಷ ನಡೆದ ಪರೀಕ್ಷೆಯ ಫಲಿತಾಂಶ 2012ರಲ್ಲಿ ಪ್ರಕಟವಾಯಿತು: ಗುಳ್ಳೆಗಳಿಂದ ಮೂತ್ರಪಿಂಡ ಊದುವುದು ನಿಧಾನವಾಗಿತ್ತು. 2014ರಲ್ಲಿ ಜಪಾನ್, 2018ರಲ್ಲಿ ಅಮೆರಿಕ ಈ ರೋಗಕ್ಕೂ ಅದನ್ನು ಒಪ್ಪಿದವು. ಯಕೃತ್ತಿಗೆ ತೊಂದರೆ ಮಾಡಬಲ್ಲುದಾದ್ದರಿಂದ ಆಗಾಗ ರಕ್ತ ಪರೀಕ್ಷೆ ಬೇಕು. ಅದನ್ನು ನುಂಗುವವರಿಗೆ ನನ್ನ ಮೊಮ್ಮಗನಂತೆಯೇ ಸದಾ ಬಾಯಾರಿಕೆ, ಸದಾ ಮೂತ್ರ. ಒಬ್ಬನ ರೋಗವೇ ಇನ್ನೊಬ್ಬನಿಗೆ ಔಷಧದ ದಾರಿ.

ಇನ್ನೊಂದು ಕಥೆ ನಮ್ಮ ಅಂಗಳಕ್ಕೇ ಬರುತ್ತದೆ. ನಮ್ಮ ಮನೆಯ ಗೇಟಿನ ಬಳಿ ಕೆಂಪು ಬಾಟಲ್ ಬ್ರಶ್ ಗಿಡವಿರುವುದು ನಿಮಗೆ ಗೊತ್ತು. 1977ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಒಂದು ರಾಸಾಯನಿಕ ಕಂಪನಿಯ ವಿಜ್ಞಾನಿ, ತನ್ನ ಮನೆಯ ಬಾಟಲ್ ಬ್ರಶ್ ಗಿಡದ ಕೆಳಗೆ ಕಳೆ ಹೆಚ್ಚು ಬೆಳೆಯುವುದಿಲ್ಲವೆಂದು ಗಮನಿಸಿದ. ಆ ಗಿಡದ ರಸಾಯನಿಕವನ್ನು ಅನುಸರಿಸಿ ಕಳೆನಾಶಕಗಳನ್ನು ಮಾಡಿದರು. ಅವುಗಳಲ್ಲೊಂದನ್ನು ಇಲಿಗಳ ಮೇಲೆ ಪರೀಕ್ಷಿಸಿದಾಗ, ಅದು ಟೈರೊಸಿನ್ ಎಂಬ ಅಮೈನೊ ಆಮ್ಲ ಒಡೆಯುವ ದಾರಿಯನ್ನು ತಡೆಯುತ್ತದೆಂದು ತಿಳಿಯಿತು. ಟೈರೊಸಿನೀಮಿಯಾ ಎಂಬ ಹುಟ್ಟುರೋಗದಲ್ಲಿ ಇದೇ ದಾರಿಯ ಕೊನೆಯಲ್ಲಿ ವಿಷ ಸೇರಿ ಮಗುವಿನ ಯಕೃತ್ತು, ಮೂತ್ರಪಿಂಡ ಎರಡೂ ಹಾಳಾಗುತ್ತವೆ. ಮೊದಲೇ ದಾರಿ ತಡೆದರೆ ವಿಷವೇ ಹುಟ್ಟುವುದಿಲ್ಲವಲ್ಲ! ಸ್ವೀಡನ್ನಿನ ಸ್ವೆನ್ ಲಿಂಡ್‌ಸ್ಟೆಟ್ ಮತ್ತು ಸಂಗಡಿಗರು 1991ರಲ್ಲಿ ಮೊದಲ ಮಗುವಿಗೆ ಅದನ್ನು ಕೊಟ್ಟರು; 1992ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದೇ ನಿಟಿಸಿನೋನ್. ವಿದೇಶದಿಂದ ತರಿಸಿದರೆ ಇದಕ್ಕೆ ವರ್ಷಕ್ಕೆ ಸುಮಾರು 2.2 ಕೋಟಿ ರೂಪಾಯಿ ತಗಲುತ್ತಿತ್ತು. ಭಾರತದಲ್ಲೇ ತಯಾರಿಸಿದ್ದರಿಂದ 2.5 ಲಕ್ಷಕ್ಕೆ ಇಳಿಯಿತೆಂದು 2023ರ ನವೆಂಬರಿನಲ್ಲಿ ಕೇಂದ್ರ ಸರಕಾರ ಪ್ರಕಟಿಸಿತು. ಎರಡೂವರೆ ಲಕ್ಷವೂ ನಮ್ಮಂಥವರಿಗೆ ಸಣ್ಣ ಹಣವಲ್ಲ, ನಿಜ. ಆದರೆ ಕೋಟಿಯ ಮುಂದೆ ಕೈಚೆಲ್ಲಿ ಕೂಡುವ ತಂದೆ ತಾಯಿಗಳು ಲಕ್ಷದ ಮುಂದೆ ಓಡಾಡಿಯಾರು.

ಹಳೆಯ ಔಷಧವೆಂದರೆ ಯಾವಾಗಲೂ ಅಗ್ಗವೆಂದು ತಿಳಿಯಬೇಡಿರಿ. ಸಿಸ್ಟಿನ್ಯೂರಿಯಾ ಎಂಬ ಹುಟ್ಟುರೋಗದಲ್ಲಿ ಮೂತ್ರಪಿಂಡದಲ್ಲಿ ಮೇಲಿಂದ ಮೇಲೆ ಕಲ್ಲುಗಳಾಗುತ್ತವೆ. ಅದಕ್ಕೆ ಕೊಡುವ ಥಯೋಲಾ ಎಂಬ ಗುಳಿಗೆ 1988ರಿಂದ ಅಮೆರಿಕದಲ್ಲಿತ್ತು. 2014ರಲ್ಲಿ ರೆಟ್ರೋಫಿನ್ ಎಂಬ ಕಂಪನಿ ಅದರ ಹಕ್ಕು ಪಡೆದು, ಒಂದೂವರೆ ಡಾಲರಿನ ಗುಳಿಗೆಗೆ 30 ಡಾಲರ್ ಬೆಲೆ ಹಚ್ಚಿತು. ಗುಳಿಗೆ ಅದೇ, ರೋಗಿಗಳೂ ಅವರೇ. ಇನ್ನೊಂದು ಕಡೆ, ಯಾರ ಒಡೆತನವೂ ಉಳಿಯದ ಹಳೆಯ ಗುಳಿಗೆಯನ್ನು ಹೊಸ ರೋಗಕ್ಕೆ ಪರೀಕ್ಷಿಸಲು ಯಾವ ಕಂಪನಿಯೂ ಹಣ ಹಾಕುವುದಿಲ್ಲ, ಲಾಭವಿಲ್ಲ. ರೋಗಿಗಳೂ ಕೆಲವೇ ಜನ. ಆದ್ದರಿಂದ ನನ್ನ ಮೊಮ್ಮಗನ ಗುಳಿಗೆಯ ಡಬ್ಬಿಯ ಮೇಲೆ ಅವನ ರೋಗದ ಹೆಸರು ಇಂದಿಗೂ ಇಲ್ಲ, ಕೂಸಿಗೆ ಕೊಡುವ ಅಳತೆಯೂ ಇಲ್ಲ. ಔಷಧಿ ಅಂಗಡಿಯವನು ತಪ್ಪೆಂದು ತಿಳಿದದ್ದು ಅದಕ್ಕೇ. ಸರಕಾರ, ವಿದ್ಯಾಪೀಠಗಳು, ಆಸ್ಪತ್ರೆಗಳು ಮಾಡದಿದ್ದರೆ ಈ ಕೆಲಸವನ್ನು ಬೇರೆ ಯಾರೂ ಮಾಡುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಔಷಧಶಾಸ್ತ್ರ ಓದಿದವರಿದ್ದೀರಿ, ವೈದ್ಯರಿದ್ದೀರಿ, ಸರಕಾರದ ಕುರ್ಚಿಗಳಲ್ಲಿ ಇದ್ದವರೂ ಇದ್ದೀರಿ. ನಿಮ್ಮ ಕಿವಿಯ ಮೇಲೆ ಒಂದು ಮಾತು ಬಿದ್ದಿರಲೆಂದು ಇಷ್ಟು ಬರೆದೆ. ಉಳಿದವರಿಗೆ ಒಂದು ಎಚ್ಚರಿಕೆ: ಇದನ್ನು ಓದಿ ಯಾರೂ ತಾವಾಗಿಯೇ ಗುಳಿಗೆ ನುಂಗಬೇಡಿರಿ. ಈ ಗುಳಿಗೆಗಳು ಸೋಡಿಯಂ, ಪೊಟ್ಯಾಸಿಯಂಗಳನ್ನು ಏರುಪೇರು ಮಾಡುತ್ತವೆ. ನಮ್ಮ ಹುಡುಗನ ರಕ್ತ ಇಂದಿಗೂ ನಿಯಮಿತವಾಗಿ ಪರೀಕ್ಷೆಯಾಗುತ್ತದೆ.

ಅವನಿಗೆ ಈಗ ಒಂಬತ್ತು. ರೋಗ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಗುಳಿಗೆ ಅದನ್ನು ಸಾವರಿಸಿದೆ, ಅಷ್ಟೆ. ಇನ್ನೂ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ವಾರಕ್ಕೊಮ್ಮೆ ನಳ ಬರುತ್ತಿದ್ದ ದಿನಗಳಲ್ಲಿ ನಮ್ಮ ಮನೆಯಲ್ಲಿ ಹಂಡೆ, ಕೊಡ, ಡ್ರಮ್ಮು, ಕೊನೆಗೆ ಸ್ಟೀಲಿನ ಡಬ್ಬಿಗಳೂ ತುಂಬಿರುತ್ತಿದ್ದವು. ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ನಿಂತು ಎಂಟು ವರ್ಷವಾಯಿತು. ಅವನೊಬ್ಬನಿಗೇ ಸಪ್ಪೆ ಏಕೆಂದು ಮನೆಮಂದಿಯೆಲ್ಲ ಸಪ್ಪೆ ರೊಟ್ಟಿ, ಸಪ್ಪೆ ಪಲ್ಯ ಉಣ್ಣುತ್ತೇವೆ. ನನ್ನ ಬಿ.ಪಿ.ಗೂ ಅದರಿಂದ ಒಳ್ಳೆಯದೇ ಆಗಿದೆ. ಮುಂಜಾನೆ ನಾವಿಬ್ಬರೂ ಎದುರುಬದುರು ಕುಳಿತು ನಮ್ಮ ನಮ್ಮ ಗುಳಿಗೆ ನುಂಗುತ್ತೇವೆ. "ಅಜ್ಜಾ, ನಿನಗ ಇದು ಹೆಚ್ಚು ಮಾಡತದ, ನನಗ ಕಡಿಮಿ ಮಾಡತದ" ಎಂದು ನಗುತ್ತಾನೆ.

ಅವನನ್ನು ಶಾಲೆಗೆ ಹಾಕಿದ ವರ್ಷ ವೈದ್ಯರ ಪತ್ರ ಹಿಡಿದು ನಾನೇ ಹೋಗಿದ್ದೆ. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕೈಕಟ್ಟಿ ನಿಂತು ಬೇಡಿಕೊಂಡೆ: ಬಾಕಿನ ಮೇಲೆ ನೀರಿನ ಬಾಟಲಿ ಇಟ್ಟುಕೊಳ್ಳಲು ಬಿಡಬೇಕು, ಕೇಳದೆಯೇ ಹೊರಗೆ ಹೋಗಲು ಬಿಡಬೇಕು. ಆಕೆ ಪತ್ರವನ್ನು ಪೂರ್ತಿ ಓದಲೂ ಇಲ್ಲ. "ಇದಕ್ಕ ಪತ್ರ ಯಾಕ ಬೇಕ್ರಿ ಸರ್? ನೀರು ಕುಡೀಲಿಕ್ಕ ಯಾರು ಬ್ಯಾಡ ಅಂತಾರ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. 2019ರಲ್ಲಿ ಕೇರಳದಲ್ಲಿ ಶುರುವಾಗಿ ನಮ್ಮ ರಾಜ್ಯದ ಶಾಲೆಗಳಿಗೂ ನೀರು ಕುಡಿಯುವ ಗಂಟೆ ಬಂದಿತು. ಮಕ್ಕಳು ನೀರು ಕುಡಿಯಲೆಂದೇ ಹೊಡೆಯುವ ಗಂಟೆ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ಆ ಹುಡುಗ ಮತ್ತೆ ನೆನಪಾದ.

ಅವನಿಗಾಗಿ ಹುಡುಕಿದ್ದೇನೆ. ಅವನ ಊರಿಗೂ ಹೋಗಿ ಬಂದೆ. ಆ ಮನೆತನದವರು ಊರು ಬಿಟ್ಟು ಬಹಳ ವರ್ಷಗಳಾದವಂತೆ. ಎಲ್ಲಿಗೆ ಹೋದರೆಂದು ಯಾರೂ ಹೇಳಲಿಲ್ಲ. 1974ರ ವರ್ಗದವರೇ, ನಿಮ್ಮಲ್ಲಿ ಯಾರಿಗಾದರೂ ಅವನ ಸುಳಿವಿದ್ದರೆ ನನಗೆ ತಿಳಿಸಿರಿ. ಕಿಟಕಿಯ ಬದಿಯ ಕೊನೆಯ ಬಾಕು. ನಿಮಗೆ ನೆನಪಿರಲೇಬೇಕು, ಅವತ್ತು ನಕ್ಕವರು ನೀವೇ. ಅವನು ಬದುಕಿದ್ದರೆ ನನ್ನ ಮೇಲೆ ಸಿಟ್ಟಿರಬಹುದು, ಇರಲಿ. ಸಪ್ತಾಪುರ ಬಾವಿಯ ಹತ್ತಿರ ಇಳಿದು ಮಾಸ್ತರರ ಮನೆ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಪಡಸಾಲೆಯ ಮೂಲೆಯಲ್ಲಿ ಯಾವಾಗಲೂ ತುಂಬಿದ ತಂಬಿಗೆ ಇರುತ್ತದೆ.